ಮಸಾಯಿ ಮಾರಾಕ್ಕೆ ಹೊರಟ ದಿಲ್ಲಿಯವರು

ದಿಲ್ಲಿಯವರನ್ನು ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯಕ್ಕೆ ಕರೆದುಕೊಂಡು ಹೋಗಿ, ಸಿಂಹ ತೋರಿಸಿ, ಎಣಿಸಿಕೊಂಡು ವಾಪಸ್ ತರುವುದು ನನ್ನ ಕೆಲಸ. ಗುರುಗ್ರಾಮದ ಒಂದು ಟ್ರಾವೆಲ್ ಆಫೀಸಿನಲ್ಲಿ ಟೂರ್ ಮ್ಯಾನೇಜರ್ ಆಗಿ ಹನ್ನೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅಲ್ಲಿನ ಯಾವ ಪ್ರಾಣಿಯೂ ನನಗೆ ತೊಂದರೆ ಕೊಟ್ಟಿಲ್ಲ. ಜೀಪಿನೊಳಗೆ ಕೂತವರ ವಿಷಯ ಬೇರೆ. ಅವರಿಂದ ಪ್ರತಿ ಸಲವೂ ಏನಾದರೊಂದು ಆಗಿಯೇ ಆಗುತ್ತದೆ. ಮನೆಗೆ ಬಂದು ಹೇಳಿದರೆ ಅಪ್ಪ, "ಎಲ್ಲ ನೀನೇ ಕಟ್ಟಿ ಹೇಳ್ತೀಯ" ಅನ್ನುತ್ತಾರೆ. ದಿಲ್ಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಗುಮಾಸ್ತರ ಮಗಳಾಗಿ ಬೆಳೆದ ನನಗೆ ಅಷ್ಟೊಂದು ಕಲ್ಪನೆ ಎಲ್ಲಿಂದ ಬರಬೇಕು?

ಊಟದ ಹೊತ್ತಿನ ಸಿಂಹ

ಒಂದು ತಂಡದಲ್ಲಿ ಕೇಂದ್ರ ಸರ್ಕಾರದ ನಿವೃತ್ತ ಅಂಡರ್ ಸೆಕ್ರೆಟರಿ ಒಬ್ಬರಿದ್ದರು. ನಾವು ಕೊಟ್ಟ ಕಾರ್ಯಕ್ರಮದ ಪಟ್ಟಿಯಲ್ಲಿ "ಸಿಂಹ ಕಾಣಬಹುದು" ಎಂದು ಬರೆದಿತ್ತು. ಆ "ಬಹುದು" ಅವರಿಗೆ ಹಿಡಿಸಲಿಲ್ಲ. ವಿಮಾನ ನಿಲ್ದಾಣದಲ್ಲೇ ಕೇಳಿದರು: "ಕಾಣದಿದ್ದರೆ ಜವಾಬ್ದಾರಿ ಯಾರದು? ಬರವಣಿಗೆಯಲ್ಲಿ ಕೊಡಿ."

ನಾನು ಕೊಡಲಿಲ್ಲ. ಅವರು ಒಂದು ನೋಟ್‌ಬುಕ್ ಇಟ್ಟುಕೊಂಡು ಕಂಡದ್ದನ್ನೆಲ್ಲ ಹೊತ್ತಿನ ಸಮೇತ ಬರೆದುಕೊಳ್ಳತೊಡಗಿದರು.

ಎರಡನೇ ದಿನ ಅದೃಷ್ಟ ಖುಲಾಯಿಸಿತು. ನಮ್ಮ ಕಣ್ಣೆದುರೇ ಮೂರು ಹೆಣ್ಣು ಸಿಂಹಗಳು ಹುಲ್ಲಿನಲ್ಲಿ ತೆವಳಿ, ಓಡಿ, ಬಿದ್ದು ಎದ್ದು, ಕೊನೆಗೆ ಒಂದು ಜೀಬ್ರಾವನ್ನು ಕೆಡವಿದವು. ಅವು ಏದುಸಿರು ಬಿಡುತ್ತಿರುವಾಗ, ಅಷ್ಟು ಹೊತ್ತೂ ಮರದ ಕೆಳಗೆ ನಿದ್ದೆ ಹೊಡೆಯುತ್ತಿದ್ದ ಗಂಡು ಸಿಂಹ ಎದ್ದಿತು. ಆಕಳಿಸಿತು. ನಿಧಾನವಾಗಿ ನಡೆದು ಬಂದು ಮೂರನ್ನೂ ಪಕ್ಕಕ್ಕೆ ಓಡಿಸಿ, ತಾನೊಂದೇ ತಿನ್ನಲು ಕೂತಿತು.

"ಯಾವಾಗಲೂ ಹೀಗೆಯೇ" ಎಂದ ಗೈಡ್.

ಸಾಹೇಬರು ಪೆನ್ನಿನ ಕ್ಯಾಪ್ ಹಾಕಿ ನೋಟ್‌ಬುಕ್ ಮುಚ್ಚಿದರು. "ಅಚ್ಛಾ, ಅರ್ಥವಾಯಿತು" ಎಂದರು. "ಡ್ರಾಫ್ಟ್ ಮಾಡುವವರು ಅವರು. ಸಹಿ ಹಾಕುವವನು ಇವನು."

ಟೈರ್ ನೋಡುವುದು

ಬಯಲಿನಲ್ಲಿ ಶೌಚಾಲಯ ಇರುವುದಿಲ್ಲ. ಅದಕ್ಕೇ ಅಲ್ಲಿನ ಗೈಡುಗಳ ಹತ್ತಿರ ಒಂದು ಮರ್ಯಾದೆಯ ಮಾತಿದೆ. ಯಾರಿಗಾದರೂ ಅವಸರವಾದರೆ "ಟೈರ್ ನೋಡಬೇಕು" ಅಂದರೆ ಸಾಕು. ಸುತ್ತ ಪ್ರಾಣಿಗಳಿಲ್ಲದ ಕಡೆ ಗಾಡಿ ನಿಲ್ಲಿಸುತ್ತಾರೆ, ಇಳಿದವರು ಗಾಡಿಯ ಹಿಂದೆ ಹೋಗಿ ಬರುತ್ತಾರೆ. ಒಂದು ಸಲ ಹೊರಡುವ ಮುನ್ನ ಗೈಡ್ ಇದನ್ನು ಎಲ್ಲರಿಗೂ ವಿವರಿಸಿದ. ದಿಲ್ಲಿಯಲ್ಲೇ ನೆಲೆಸಿದ್ದ ಕೊಡಗಿನ ನಿವೃತ್ತ ಸುಬೇದಾರರೊಬ್ಬರು ಮಾತ್ರ ಆಗ ಅಲ್ಲಿರಲಿಲ್ಲ. ಸಾಮಾನು ಸರಿಯಾಗಿ ಏರಿಸಿದ್ದಾರೋ ಇಲ್ಲವೋ ಎಂದು ಹಿಂದೆ ನಿಂತು ನೋಡುತ್ತಿದ್ದರು.

ಎರಡು ಗಂಟೆ ಕಳೆದ ಮೇಲೆ ಗೈಡ್ ಗಾಡಿ ನಿಲ್ಲಿಸಿ, "ಯಾರಾದರೂ ಟೈರ್ ನೋಡಬೇಕಾ?" ಎಂದು ಕೇಳಿದ. ನಾಚಿಕೆಗೆ ಒಬ್ಬರೂ ಅಲುಗಾಡಲಿಲ್ಲ. ಸುಬೇದಾರರು ಮಾತ್ರ ತಕ್ಷಣ ಇಳಿದರು. ನಾವೆಲ್ಲ ಸಭ್ಯರಂತೆ ಮುಖ ಆಚೆ ತಿರುಗಿಸಿ ದೂರದ ಬೆಟ್ಟ ನೋಡುತ್ತ ಕೂತೆವು. ಹಿಂದಿನಿಂದ ಧಬ್, ಧಬ್ ಎಂದು ಒದೆಯುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವರು ಬಂದು ಡ್ರೈವರ್ ಬಾಗಿಲ ಪಕ್ಕ ನೆಟ್ಟಗೆ ನಿಂತು ವರದಿ ಒಪ್ಪಿಸಿದರು: "ಹಿಂದಿನ ಎಡಗಡೆ ಟೈರ್‌ನಲ್ಲಿ ಗಾಳಿ ಕಮ್ಮಿ. ಮುಳ್ಳು ಚುಚ್ಚಿದೆ."

ಗೈಡ್ ನಕ್ಕ. ಆಮೇಲೆ ಇಳಿದು ನೋಡಿದ. ಬೆರಳುದ್ದದ ಜಾಲಿಮುಳ್ಳು. ಸುಬೇದಾರರು ಮುಂದೆ ನಿಂತು ಟೈರ್ ಬದಲಾಯಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು, ಗೈಡ್ ಕೈ ಕುಲುಕಿದ. ಗಾಡಿ ಹೊರಟು ಸ್ವಲ್ಪ ದೂರ ಹೋದ ಮೇಲೆ ಅವರು ನನ್ನ ಕಡೆ ಬಾಗಿ ಪಿಸುಗುಟ್ಟಿದರು.

"ಮಗಳೇ, ಆಗಿನಿಂದ ತಡ್ಕೊಂಡಿದ್ದೀನಿ. ಇಲ್ಲಿ ಬಾತ್‌ರೂಮಿಗೆ ಹೋಗಬೇಕಾದರೆ ಏನು ಹೇಳಬೇಕು?"

ನದಿ ದಾಟುವ ಗುಂಪು

ದನದಂಥ ಕಾಡುಪ್ರಾಣಿಗಳಾದ ಸಾವಿರಾರು ವೈಲ್ಡ್‌ಬೀಸ್ಟ್‌ಗಳು ಮಾರಾ ನದಿ ದಾಟುವುದನ್ನು ನೋಡಲು ಜನ ಗಂಟೆಗಟ್ಟಲೆ ಕಾಯುತ್ತಾರೆ. ನೀರಿನಲ್ಲಿ ಮೊಸಳೆ ಇರುವುದರಿಂದ ಆ ಪ್ರಾಣಿಗಳು ದಡಕ್ಕೆ ಬರುತ್ತವೆ, ಹಿಂದೆ ಸರಿಯುತ್ತವೆ, ಮತ್ತೆ ಬರುತ್ತವೆ. ಒಂದು ಸಲ ಮೂರು ಗಂಟೆ ಕಾದು ಗೈಡೇ, "ಇವತ್ತು ದಾಟಲ್ಲ" ಎಂದು ಕೈಚೆಲ್ಲಿದ.

"ಒಂದು ನಿಮಿಷ" ಎಂದರು ಹಿಂದೆ ಕೂತಿದ್ದ ಘಾಜಿಯಾಬಾದಿನ ಒಬ್ಬ ಗುಮಾಸ್ತರು. "ಮುಂದಿನವರನ್ನು ನೋಡಬೇಡಿ, ಅವರ ಕೈಲೇನಿಲ್ಲ. ಹಿಂದಿನವರನ್ನು ನೋಡಿ. ಹಾಂ, ಈಗ."

ಅವರು "ಈಗ" ಅನ್ನುವುದಕ್ಕೂ ಹಿಂದಿನಿಂದ ನೂಕುನುಗ್ಗಲಾಗಿ ಇಡೀ ಹಿಂಡು ನದಿಗೆ ಧುಮುಕುವುದಕ್ಕೂ ಸರಿಹೋಯಿತು. ಇದೇ ಕೆಲಸದಲ್ಲಿ ತಲೆ ನರೆತ ಗೈಡ್ ಬೆರಗಾಗಿ, "ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದ.

"ದಿನಾ ಬೆಳಿಗ್ಗೆ ಆಫೀಸಿನ ಹೊತ್ತಿಗೆ ದಿಲ್ಲಿಯ ರಾಜೀವ್ ಚೌಕ್‌ನಲ್ಲಿ ಮೆಟ್ರೋ ಬದಲಿಸ್ತೀನಿ" ಎಂದರು.

ಅಜ್ಜಿಯ ಕರು

ಹೋದ ವರ್ಷ ಗುರುಗ್ರಾಮದ ಒಂದು ಕನ್ನಡ ಕುಟುಂಬ ಬಂದಿತ್ತು. ಕಂಪನಿಯಲ್ಲಿ ದೊಡ್ಡ ಹುದ್ದೆಯ ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು, ಜೊತೆಗೆ ಮಂಡ್ಯದ ಕಡೆಯ ಅಜ್ಜಿ. ಅಲ್ಲಿನ ದನಗಾಹಿಗಳಾದ ಮಸಾಯಿ ಜನರ ಹಳ್ಳಿಗೆ ಹೋಗುವ ದಿನ ಮಗ, "ಅಮ್ಮ, ಅಲ್ಲಿ ಸುಮ್ಮನೆ ನೋಡ್ಕೊಂಡು ಬಾ, ಏನೂ ಮಾತಾಡಬೇಡ" ಎಂದು ಹೇಳಿಯೇ ಕರೆತಂದಿದ್ದರು.

ಹಳ್ಳಿಯ ಮನೆಗಳಿಗೆ ಸಗಣಿ ಮೆತ್ತಿತ್ತು. ಸೊಸೆ ದುಪಟ್ಟಾದಿಂದ ಮೂಗು ಮುಚ್ಚಿಕೊಂಡರು. ಅಜ್ಜಿ ಗೋಡೆಯ ಮೇಲೆ ಕೈಯಾಡಿಸಿ, "ಬೂದಿ ಬೆರೆಸಿದ್ದಾರೆ. ಬಿರುಕೇ ಬಿಟ್ಟಿಲ್ಲ ನೋಡು" ಎಂದು ಮೆಚ್ಚಿದರು. ಆ ಮನೆಯೊಡತಿಗೆ ಅದು ಭಾಷೆಯಿಲ್ಲದೆಯೂ ಅರ್ಥವಾಯಿತು. ಅಜ್ಜಿಯನ್ನು ಕೈಹಿಡಿದು ಕೂರಿಸಿ ಏನೋ ಕೇಳಿದಳು. ಅಲ್ಲಿನ ಶಾಲೆಯ ಮೇಷ್ಟ್ರು ಅದನ್ನು ಇಂಗ್ಲಿಷಿಗೆ ತಂದರು, ನಾನು ಕನ್ನಡಕ್ಕೆ ತಂದೆ.

"ನಿಮ್ಮ ಹತ್ತಿರ ಎಷ್ಟು ಹಸು ಇವೆ?"

"ಊರಲ್ಲಿ ಎಂಟಿದ್ದವು. ಈಗ ಒಂದೂ ಇಲ್ಲ."

"ಅಯ್ಯೋ, ರೋಗ ಬಂತಾ?"

"ಇಲ್ಲವ್ವ, ಮಗನ ಮನೆಗೆ ಬಂದೆ."

"ಮಗನ ಹತ್ತಿರ ಎಷ್ಟಿವೆ?"

"ಅವನ ಹತ್ತಿರವೂ ಇಲ್ಲ."

ಸುತ್ತ ಸೇರಿದ್ದ ಹೆಂಗಸರೆಲ್ಲ ತಿರುಗಿ ಮಗನನ್ನು ನೋಡಿದರು. ಮಗ ಕೊರಳಿನ ದೊಡ್ಡ ಕ್ಯಾಮೆರಾ ಸರಿಮಾಡಿಕೊಂಡರು.

"ಮತ್ತೆ ಹಾಲು?"

"ಪ್ಯಾಕೆಟ್ಟಿನಲ್ಲಿ ಬರುತ್ತೆ."

"ಯಾರ ಹಸುವಿನದು?"

ಅಜ್ಜಿ ಸ್ವಲ್ಪ ಯೋಚಿಸಿ, "ಅದು ಯಾರಿಗೂ ಗೊತ್ತಿಲ್ಲ" ಎಂದರು.

ನಾನು ಅದನ್ನು ದಾಟಿಸಿದಾಗ ಎಲ್ಲರೂ ಸಾವಿನ ಸುದ್ದಿ ಕೇಳಿದವರಂತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಮನೆಯೊಡತಿ ಎದ್ದು ಹೋಗಿ ಒಂದು ಕಂದು ಕರುವನ್ನು ಅಟ್ಟಿಕೊಂಡು ಬಂದು ಅಜ್ಜಿಯ ಮುಂದೆ ನಿಲ್ಲಿಸಿದಳು. "ಇದು ನಿಮಗೆ" ಎಂದರು ಮೇಷ್ಟ್ರು.

ಅಜ್ಜಿ ಕರುವಿನ ಗಂಗೆದೊಗಲು ನೇವರಿಸಿದರು. ಅದು ಅವರ ಸೆರಗು ನೆಕ್ಕಿತು. ಅವರ ಕಣ್ಣು ತುಂಬಿ ಬಂತು. ಮೊಮ್ಮಗಳು ಅಪ್ಪನ ಅಂಗಿ ಹಿಡಿದೆಳೆದು, "ಪಾಪಾ, ಲೇ ಚಲೋ ನಾ, ಪ್ಲೀಸ್" ಎಂದು ಕರುವನ್ನು ಮನೆಗೆ ಕರೆದೊಯ್ಯಲು ಹಟ ಶುರುಮಾಡಿದಳು. ಅಜ್ಜಿಯೇ ತೀರ್ಮಾನಿಸಿದರು: "ತಾಯಿ ಹತ್ತಿರ ಇಲ್ಲೇ ಬೆಳೀಲಿ. ನನ್ನದು ಅಂತ ಒಂದು ಇದೆಯಲ್ಲ, ಅಷ್ಟು ಸಾಕು."

ಎಲ್ಲರೂ ಒಪ್ಪಿದರು. ಊರಿನ ಹಿರಿಯರೊಬ್ಬರು ಮಾತ್ರ ಮಗನನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈಯಿಟ್ಟು, "ವಯಸ್ಸಾದ ತಾಯಿ. ನಿಮ್ಮ ಮನೆಯಲ್ಲೂ ಒಂದು ಹಸು ಇಟ್ಟುಕೊಳ್ಳಿ" ಎಂದರು.

"ಆಗಲ್ಲ, ನಾವಿರೋದು ಹದಿನಾಲ್ಕನೇ ಮಹಡಿ" ಎಂದರು ಮಗ. "ಅಷ್ಟು ಮೇಲಕ್ಕೆ ಹಸು ಹತ್ತಲ್ಲ."

ಮೇಷ್ಟ್ರು ಒಂದರ ಮೇಲೊಂದು ಕೈಯಿಡುತ್ತ, ಹದಿನಾಲ್ಕು ಮನೆ ಪೇರಿಸಿದರೆ ಹೇಗಿರುತ್ತದೆಂದು ತೋರಿಸಿದರು. ಹಿರಿಯರು ಆಕಾಶ ನೋಡಿದರು. ನೆಲ ನೋಡಿದರು. ಆಮೇಲೆ ಒಂದೇ ಒಂದು ಮಾತು ಕೇಳಿದರು. ಮೇಷ್ಟ್ರು ಅದನ್ನು ಹೇಳಲು ಸ್ವಲ್ಪ ಹಿಂಜರಿದರು.

"ಹಸು ಹತ್ತದ ಜಾಗಕ್ಕೆ ನೀವು ಯಾಕೆ ಹತ್ತಿದಿರಿ ಅಂತ ಕೇಳ್ತಿದ್ದಾರೆ."