ಮಾದರಿ ಇಲ್ಲದೆ ಅಚ್ಚಿಲ್ಲ

ಹುಣಸೂರಿನಲ್ಲಿ ಕೂತು ಪ್ರಾಣಿಪಕ್ಷಿಗಳ ಸಂಶೋಧನೆಗೆಂದು ಪತ್ರಿಕೆ ನಡೆಸಿದರೆ ಇಂಥವು ನಡೆಯುತ್ತಲೇ ಇರುತ್ತವೆ. ಪ್ರಾಣಿಗಳು ನಮಗೆ ಎಂದೂ ತೊಂದರೆ ಕೊಡಲಿಲ್ಲ. ಕೊಟ್ಟವರೆಲ್ಲ ಎರಡು ಕಾಲಿನವರು, ಅವರಲ್ಲಿ ನಾನೂ ಒಬ್ಬ.

ಐವತ್ತರ ದಶಕದ ಮಾತು. ಸಂಪಾದಕರು ನಿವೃತ್ತ ವಿಜ್ಞಾನ ಮೇಷ್ಟ್ರು. ನಾನು ಹೈಸ್ಕೂಲಿನಲ್ಲಿ ಪಾಠ ಹೇಳಿಕೊಂಡು ಅವರಿಗೆ ಸಹಾಯಕನಾಗಿದ್ದೆ. ಮೂರು ತಿಂಗಳಿಗೊಂದು ಸಂಚಿಕೆ. ಅವರದು ಒಂದೇ ನಿಯಮ: ಕಂಡೆ ಅಂದರೆ ಸಾಲದು, ಕಂಡ ಜೀವಿಯ ಮಾದರಿ ಮೇಜಿನ ಮೇಲಿರಬೇಕು.

ಈ ನಿಯಮ ಮೊದಲು ಕಟ್ಟಿಹಾಕಿದ್ದು ಅವರನ್ನೇ. ಹೆಡೆಯ ಮೇಲೆ ಗುರುತೇ ಇಲ್ಲದ ನಾಗರಹಾವನ್ನು ಅವರು ಹರೆಯದಲ್ಲಿ ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ ಒಮ್ಮೆ ಕಂಡಿದ್ದರು. ಯಾವ ವಿದ್ವಾಂಸರೂ ನಂಬಿರಲಿಲ್ಲ. ಈಗ ಕಣ್ಣಿಗೆ ಪೊರೆ ಬೇರೆ ಬರುತ್ತಿತ್ತು. "ಕಣ್ಣು ಕಾಣುವಾಗಲೇ ಇನ್ನೊಂದು ಸಲ ನೋಡಬೇಕು ಮೇಷ್ಟ್ರೇ, ಮತ್ತೇನೂ ಬೇಡ" ಅನ್ನುತ್ತಿದ್ದರು.

ಸಾಲಿಗ್ರಾಮದ ಮೀನು

ಸಾಲಿಗ್ರಾಮದ ಬೆಸ್ತರೊಬ್ಬರ ಬಲೆಗೆ ಯಾರೂ ಕಾಣದ ಮೀನು ಬಿತ್ತೆಂದು ಸುದ್ದಿ ಬಂತು. ಕೂಡಲೇ ಕಳಿಸಿ ಎಂದು ಹೇಳಿಕಳಿಸಿದೆವು. ಸಂಪಾದಕರ ಮನೆಯಲ್ಲಿ ಈರುಳ್ಳಿಗೇ ಪ್ರವೇಶವಿರಲಿಲ್ಲ, ಇನ್ನು ಮೀನಿಗೆಲ್ಲಿ? ಮೇಜನ್ನು ಕೊಟ್ಟಿಗೆಗೆ ಸಾಗಿಸಿದೆವು.

ಬುಟ್ಟಿ ಬಂತು, ಜೊತೆಗೆ ಆ ಬೆಸ್ತರೂ ಬಂದರು. ಬಿಚ್ಚಿದರೆ ಉಪ್ಪು, ಅರಿಶಿನ ಸವರಿದ ನಾಲ್ಕು ತುಂಡು! ತಲೆಯಿಲ್ಲ, ಬಾಲವಿಲ್ಲ, ರೆಕ್ಕೆಯಿಲ್ಲ, ಒಂದು ಹುರುಪೆಯೂ ಇಲ್ಲ.

"ಇದೇನಪ್ಪಾ ಇದು?" ಅಂದರು ಸಂಪಾದಕರು.

"ನಿಮ್ಮೋರ್ಗೆ ಮೀನು ಉಜ್ಜೋಕೆ ಬರಾಕಿಲ್ಲ ಅಲ್ವಾ ಬುದ್ದಿ, ಅದ್ಕೇ ನಾನೇ ಚೊಕ್ಕ ಮಾಡ್ಕೊಂಡ್ ಬಂದೆ."

ಸಂಪಾದಕರು ಪ್ರಾಮಾಣಿಕರು. ಆ ಸಂಚಿಕೆಯಲ್ಲಿ ಹೀಗೆ ಅಚ್ಚಾಯಿತು: "ಸಾಲಿಗ್ರಾಮದಲ್ಲಿ ಹೊಸ ಮೀನು ದೊರೆತಿದೆ. ಸದ್ಯಕ್ಕೆ ನಡುಭಾಗ ಮಾತ್ರ."

ಗೀಜಗನ ಎಂಟು ಪುಟ

ಪಿರಿಯಾಪಟ್ಟಣದ ದಾರಿಯಲ್ಲಿ ಒಂದು ಬಾವಿಯ ಮೇಲೆ ಬಾಗಿದ ಮರವಿತ್ತು. ಅದರಡಿ ಒಂದು ಮಳೆಗಾಲವಿಡೀ ಕೊಡೆ ಹಿಡಿದು ನಿಂತು ಗೀಜಗನ ಮೇಲೆ ಎಂಟು ಪುಟ ಬರೆದೆ. ಸಾಕ್ಷಿಗೆ ಬಿದ್ದ ಗೂಡನ್ನೂ ತಂದಿಟ್ಟೆ.

"ಗೂಡು ಹಕ್ಕಿಯಲ್ಲವಲ್ಲ" ಅಂದು ಸಂಪಾದಕರು ಕತ್ತರಿ ಆಡಿಸಿದರು. ಅಚ್ಚಾದದ್ದು ಎರಡೇ ಸಾಲು: "ಪಿರಿಯಾಪಟ್ಟಣದ ಬಳಿ ಗೀಜಗ ಗೂಡು ಕಟ್ಟುತ್ತದೆ. ನೋಡಿದವರು ಇದ್ದಾರೆ."

"ನಿಮ್ಮ ಹೆಸರೆಲ್ಲಿ?" ಎಂದು ಹೆಂಡತಿ ಹುಡುಕಿದಳು.

"ನೋಡಿದವರು ಅಂತ ಇದೆಯಲ್ಲ, ಅದೇ ನಾನು!"

ಬೇಗೂರಿನ ನಾಗರ

ಆ ಸಿಟ್ಟು ಆರುವ ಮೊದಲೇ ಒಂದು ಶನಿವಾರ ಎನ್. ಬೇಗೂರಿನ ನಮ್ಮ ಚಂದಾದಾರ ರೈತರಿಂದ ಬಸ್ ಕಂಡಕ್ಟರ್ ಕೈಲಿ ಚೀಟಿ ಬಂತು. ಗುರುತಿಲ್ಲದ ನಾಗರ ಗಾಡಿಯ ಚಕ್ರಕ್ಕೆ ಸಿಕ್ಕಿ ಸತ್ತಿದೆ, ಬೇಗ ಬನ್ನಿ.

ಮಂಡಿನೋವಿನ ಸಂಪಾದಕರಿಗೆ ಹೋಗಲಾಗದು. ಚೀಟಿಯನ್ನು ಎರಡೆರಡು ಸಲ ಓದಿಸಿಕೊಂಡರು. "ಈಗಲೇ ಹೊರಡ್ತೀರಾ ಮೇಷ್ಟ್ರೇ?" ಅಂದರು. ನನಗೆ ಗೀಜಗನ ಉರಿ. "ಸೋಮವಾರ ರಜಾ ಹಾಕಿ ಹೋಗ್ತೀನಿ" ಅಂದೆ. ಭಾನುವಾರವೆಲ್ಲ ಮನೆಯಲ್ಲಿ ಕಾಲು ಚಾಚಿಕೊಂಡು ಬಿದ್ದಿದ್ದೆ. ಇಂದಿಗೂ ಆ ಭಾನುವಾರ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸೋಮವಾರ ಗಾಜಿನ ಭರಣಿ ಹಿಡಿದು ಬೇಗೂರಿನಲ್ಲಿ ಇಳಿದೆ. ರೈತರ ಮನೆ ಮುಂದೆ ಊರೇ ಸೇರಿತ್ತು, ಊಟಕ್ಕೆ ಎಲೆ ಹಾಸಿದ್ದರು.

"ನಿನ್ನೆ ಸಂಜೆಗಂಟ ಕಾದ್ವಿ ಕಣ್ರೀ" ಅಂದರು ರೈತರು. "ನಾಗಪ್ಪನ್ನ ಅಂಗೇ ಮಡಗಿದ್ರೆ ಊರಿಗೇ ದೋಷ. ಗಂಧದ ಚಕ್ಕೆ ಆಕಿ ಸುಟ್ವಿ. ಮನುಸ್ರಿಗೆ ಮಾಡಂಗೇ ಇವತ್ತು ಹಾಲುತುಪ್ಪದ ತಿಥಿ."

"ಮೂಳೆಯಾದರೂ?"

"ಬೆಳಿಗ್ಗೆನೇ ಒಳೆಗೆ ಬುಟ್ವಿ. ಕೈ ತೊಳ್ಕೊಳ್ಳಿ, ಉಣ್ಣೀರಂತೆ."

ಅವರ ತಾಯಿ ಭರಣಿ ನೋಡಿ "ಹಾಲು ತಂದವ್ರಾ?" ಅಂತ ಬೇರೆ ಕೇಳಿದರು. ಉಂಡೆ. ಪಾಯಸ ಚೆನ್ನಾಗಿತ್ತು, ಅದೂ ನನಗೆ ಬೇಜಾರು.

ಅಂಥ ಹಾವು ಮತ್ತೆ ಸಿಗಲಿಲ್ಲ. ವರ್ಷದೊಳಗೆ ಸಂಪಾದಕರ ಕಣ್ಣು ಪೂರ್ತಿ ಹೋಯಿತು, ಪತ್ರಿಕೆಯೂ ನಿಂತಿತು. ಆದರೆ ಆ ಸೋಮವಾರ ಸಂಜೆ ಖಾಲಿ ಭರಣಿ ಮೇಜಿನ ಮೇಲಿಟ್ಟು, ತಪ್ಪು ನನ್ನದು ಎಂದು ಅತ್ತಾಗ ಅವರು ಬೈಯಲಿಲ್ಲ. "ಗುರುತು ಇರಲಿಲ್ಲ ತಾನೆ? ಅಷ್ಟು ಹೇಳಿ" ಅಂದರು.

"ಚೂರೂ ಇರಲಿಲ್ಲವಂತೆ ಸಾರ್. ಅದಕ್ಕೇ ಆ ರೈತರ ತಾಯಿ, 'ಶಿವನ ಕೊರಳಲ್ಲಿರೋನು, ಬರೀ ಅಣೇಲಿ ಕಳ್ಸೋಕಾಯ್ತದಾ?' ಅಂತ ಹೆಡೆ ತುಂಬಾ ವಿಭೂತಿ ಪಟ್ಟೆ ಎಳೆದು ಸುಡಿಸಿದರಂತೆ."

ಸಂಪಾದಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು.

"ಸತ್ತ ಮೇಲೆ ಕೈಲಾಸದಲ್ಲಾದರೂ ಆ ವಿದ್ವಾಂಸರಿಗೆ ತೋರಿಸೋಣ ಅಂತಿದ್ದೆ ಮೇಷ್ಟ್ರೇ. ಅಲ್ಲಿಗೂ ಗುರುತು ಹಾಕಿಯೇ ಕಳಿಸಿಬಿಟ್ಟರಲ್ಲ!"