ಡಾರೀನ್‌ಗೆ ಹೋದ ಕಾರ್ಡು

ಪ್ರತಿ ಡಿಸೆಂಬರಿನಲ್ಲೂ ಕ್ರಿಸ್‌ಮಸ್ ಕಾರ್ಡುಗಳ ಮುಂದೆ ತಲೆ ಹಿಡಿದು ಕೂರುವ ಹೆಂಡತಿ ಬೆರಿಲ್‌ಳನ್ನು ನೋಡಿ ನೋಡಿ ಲೀಡ್ಸ್‌ನ ನಾರ್ಮನ್‌ಗೆ ಸಾಕಾಗಿತ್ತು. ಈ ಸಲ ಆ ಮಹಾಯಜ್ಞವನ್ನು ತಾನೇ ನಡೆಸಿಕೊಡುವುದಾಗಿ ಘೋಷಿಸಿಬಿಟ್ಟ. ಮೂವತ್ತು ವರ್ಷ ರೈಲುಗಳನ್ನು ಹೊತ್ತಿಗೆ ಸರಿಯಾಗಿ ಓಡಿಸಿದವನಿಗೆ ಅರವತ್ತು ಕಾರ್ಡು ಯಾವ ಲೆಕ್ಕ!

ಬೆರಿಲ್ ಕೂದಲು ಕತ್ತರಿಸಿಕೊಳ್ಳಲು ಹೋದ ಹೊತ್ತಿನಲ್ಲಿ ವಿಳಾಸದ ಪುಸ್ತಕ ಹುಡುಕಿ, ಒಬ್ಬರನ್ನೂ ಬಿಡದೆ ‘ಪ್ರೀತಿಯಿಂದ, ಬೆರಿಲ್ ಮತ್ತು ನಾರ್ಮನ್’ ಎಂದು ಗೀಚಿ, ಸ್ಟಾಂಪು ಅಂಟಿಸಿ, ಬೀದಿ ಮೂಲೆಯ ಕೆಂಪು ಡಬ್ಬಿಗೆ ಸುರಿದು ಬಂದ. ಒಂದು ಹನಿ ಬೆವರೂ ಬರಲಿಲ್ಲ.

ಬೆವರು ಬಂದದ್ದು ಬೆರಿಲ್ ಬಂದ ಮೇಲೆ.

“ಯಾವ ಪುಸ್ತಕ ನೋಡಿ ಬರೆದೆ?”

“ಡ್ರಾಯರಿನಲ್ಲಿತ್ತಲ್ಲ, ನೀಲಿದು.”

“ಅದು ಹಳೇದು ಮಾರಾಯ. ಅದರಲ್ಲಿ ಡಾರೀನ್ ಇದಾಳೆ.”

ಡಾರೀನ್ ಬೆರಿಲ್‌ಳ ತಂಗಿ. ತೀರಿಕೊಂಡ ಅಮ್ಮನ ಪಿಂಗಾಣಿ ಟೀಪಾಟು ಯಾರಿಗೆ ಎಂಬ ಕುರುಕ್ಷೇತ್ರದಲ್ಲಿ ಇಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಅವಳೇ ಮೊದಲು ಕಾರ್ಡು ಕಳಿಸಲಿ ಎಂದು ಇವಳು, ಇವಳೇ ಕಳಿಸಲಿ ಎಂದು ಅವಳು. ಟಪಾಲು ಬಂದಾಗಲೆಲ್ಲ ಬೆರಿಲ್ ಒಂದು ಕೈಬರಹ ಹುಡುಕುತ್ತಿದ್ದಳು. ಸಿಗದೆ ತಲೆ ಹಿಡಿದು ಕೂರುತ್ತಿದ್ದಳು. ಆ ಆರು ವರ್ಷದ ಹಠವನ್ನು ನಾರ್ಮನ್ ಒಂದೇ ಮಧ್ಯಾಹ್ನದಲ್ಲಿ ಮಣ್ಣುಪಾಲು ಮಾಡಿದ್ದ.

ಮನೆಯ ಚಪ್ಪಲಿಯಲ್ಲೇ ಓಡಿದ. ಅಂಚೆಯವನು ಡಬ್ಬಿ ಖಾಲಿ ಮಾಡಿ ಚೀಲ ಕಟ್ಟುತ್ತಿದ್ದ. ಒಂದೇ ಒಂದು ಕಾರ್ಡು ವಾಪಸು ಕೊಡಪ್ಪಾ ಎಂದು ಗೋಗರೆದರೆ, ಒಳಗೆ ಬಿದ್ದದ್ದು ರಾಜರ ಸ್ವತ್ತು, ನಮ್ಮಪ್ಪ ಕೇಳಿದರೂ ಕೊಡಲಾರೆ ಎಂದು ವ್ಯಾನು ಹತ್ತಿದ.

ನಾಲ್ಕು ದಿನ ಬೆರಿಲ್ ಅಡುಗೆಮನೆಗೆ ಕಾಲಿಡಲಿಲ್ಲ. ನಾರ್ಮನ್‌ಗೆ ಮೂರು ಹೊತ್ತೂ ಟೋಸ್ಟು, ಟಿನ್ನಿನ ಬೀನ್ಸು.

ಐದನೆಯ ದಿನ ಬಾಗಿಲಿನ ಟಪಾಲು ಸೀಳಿನಿಂದ ಒಂದು ಲಕೋಟೆ ಬಿತ್ತು. ಬೆರಿಲ್ ನಿಂತಲ್ಲೇ ಒಡೆದು ಓದಿ, ಕಣ್ಣೊರೆಸಿಕೊಂಡು ಗಂಡನ ಕೈಗಿಟ್ಟಳು.

“ಅಕ್ಕಾ, ಆ ಕಾಗೆ ಕಾಲು ಗುಬ್ಬಿ ಕಾಲು ನಿನ್ನ ಗಂಡಂದು ಅಂತ ನೋಡಿದ ಕೂಡಲೇ ಗೊತ್ತಾಯ್ತು. ನೀನು ಬರೆದಿಲ್ಲ. ಅಂದಮೇಲೆ ಮೊದಲು ಬರೆದವಳು ನಾನೇ. ಸಮಾಧಾನ ಆಯ್ತಾ? ಇಪ್ಪತ್ತಮೂರಕ್ಕೆ ಬರ್ತೀನಿ.”

ನಾರ್ಮನ್‌ನ ಎದೆ ಉಬ್ಬಿತು. ನೋಡಿದೆಯಾ ನನ್ನ ಕಾರ್ಯದಕ್ಷತೆ ಎನ್ನಲು ಬಾಯಿ ತೆರೆದ.

“ನೋಡು, ಅವಳೊಬ್ಬಳೇ ದೊಡ್ಡತನ ಮೆರೆಯೋದು ಬೇಡ,” ಎಂದಳು ಬೆರಿಲ್. “ಬಂದಾಗ ಆ ಕಾರ್ಡು ನಾನೇ ನಿನ್ನ ಕೈಲಿ ಹೇಳಿ ಬರೆಸಿದ್ದು ಅಂತ ಹೇಳು. ನಂಬ್ತಾಳೆ. ನಿನಗೆ ಅಷ್ಟು ಬುದ್ಧಿ ಇಲ್ಲ ಅಂತ ಅವಳಿಗೂ ಗೊತ್ತು.”