ಬಾಗಿಲು ಬಡಿದು ಒಳಗೆ ಬಾರದವನು

ಟಕ್, ಟಕ್, ಟಿಕ್. ಮೊದಲೆರಡು ಬೆರಳಿನ ಗೆಣ್ಣಿನಿಂದ, ಮೂರನೆಯದು ಉಗುರಿನಿಂದ. ಈ ಸದ್ದಿಗೆ ಓಡಿಬಂದು ಬಾಗಿಲು ತೆಗೆದರೆ ನೀವು ನಮ್ಮ ಓಣಿಗೆ ಹೊಸಬರು ಎಂದೇ ಅರ್ಥ! ಹಳಬರು ಕೂತಲ್ಲಿಂದಲೇ ಕೂಗುತ್ತಿದ್ದರು: "ಬೇವಿನ ಕಟಗೀದರೀ ಸಾಹೇಬ್ರ! ಹ್ವಾದ ವಾರದ್ದ ಬಾಗಿಲಾ, ಬದಲಿ ಮಾಡಿಲ್ಲ!" ಹೊರಗಿನಿಂದ "ಹಾಂ, ಗೊತ್ತಾತು" ಎಂಬ ಉತ್ತರ. ಆಮೇಲೆ ಚಪ್ಪಲಿಯ ಸದ್ದು ಮುಂದಿನ ಮನೆಯ ಕಡೆಗೆ.

ನನ್ನ ಮೈದುನ ಲಿಂಗಸುಗೂರಿನ ಅರ್ಧ ಊರಿನ ಬಾಗಿಲು ಬಡಿದಿದ್ದಾನೆ, ಒಂದರೊಳಗೂ ಕಾಲಿಟ್ಟಿಲ್ಲ ಎಂದರೆ ನೀವು ನಂಬಬೇಕು. ಅವನು ಬಡಿಯುತ್ತಿದ್ದುದು ಒಳಗೆ ಬರಲಿಕ್ಕಲ್ಲ, ಮರದ ಸದ್ದು ಕೇಳಲಿಕ್ಕೆ. ಸರ್ವೇ ಇಲಾಖೆಯಲ್ಲಿದ್ದು ತಾಲೂಕಿನ ಹೊಲಗಳನ್ನೆಲ್ಲ ಅಳೆದು ರಿಟೈರ್ ಆದವನು. ಮರ ಕಂಡರೆ ಬಡಿದು ಕಿವಿ ಕೊಡುವ ಚಾಳಿ ಚಿಕ್ಕಂದಿನಿಂದಲೂ ಇತ್ತು. ಎರಡೂ ಕಿಡ್ನಿಗಳು ಕೈಕೊಟ್ಟ ಮೇಲೆ ಆ ಚಾಳಿಗೊಂದು ಗುರಿ ಸಿಕ್ಕಿತು. ಎಲೆಕ್ಟ್ರಿಕ್ ಗಿಟಾರ್ ಮಾಡುತ್ತೇನೆ ಎಂದ. ಕೊಳ್ಳುತ್ತೇನೆ ಅಲ್ಲ, ನುಡಿಸುತ್ತೇನೆ ಅಲ್ಲ, ಮಾಡುತ್ತೇನೆ! ಐ ಆಸ್ಕ್ ಯೂ!

ಯಾರಿಗೆ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು.

ಅವನಿಗೆ ಒಬ್ಬಳೇ ಮಗಳು. ತಾಯಿ ಬೇಗ ಹೋದದ್ದರಿಂದ ಅರ್ಧ ಅವನು ಸಾಕಿದ, ಅರ್ಧ ದೊಡ್ಡವ್ವನಾದ ನಾನು ಸಾಕಿದೆ. ಒಂಬತ್ತು ವರ್ಷದ ಹಿಂದೆ ಆಕೆ, ಸಿಂಧನೂರಿನ ರಸಮಂಜರಿ ತಂಡದಲ್ಲಿ ಕೀಬೋರ್ಡ್ ಬಾರಿಸುವ, ನಮ್ಮವನಲ್ಲದ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಮೈದುನ ಬೈಯಲಿಲ್ಲ, ಕೂಗಾಡಲಿಲ್ಲ. ಆಕೆಯ ಗಿಟಾರನ್ನು ಹಿತ್ತಲಿಗೆ ಒಯ್ದು ಒರಳುಕಲ್ಲಿಗೆ ಅಪ್ಪಳಿಸಿದ. ಮರ ಸೀಳಿದ ಸದ್ದಿನ ಬೆನ್ನಿಗೇ ಆರು ತಂತಿಗಳೂ ಒಟ್ಟಿಗೆ ಕಿರುಚಿದವು. ಅಷ್ಟಕ್ಕೇ ನಿಂತಿದ್ದರೆ ಹೇಗೋ ಏನೋ. ಈ ಮಹಾಶಯ ಒಡೆದ ಚೂರೊಂದನ್ನು ಎತ್ತಿ, ಗೆಣ್ಣಿನಿಂದ ಬಡಿದು ನೋಡಿ, "ಪ್ಲೈವುಡ್ ಐತಿ" ಅಂದ!

ಹುಡುಗಿ ಮರುದಿನ ಬೆಳಿಗ್ಗೆ ಸಿಂಧನೂರು ಬಸ್ಸು ಹತ್ತಿದಳು. ಗಿಟಾರ್ ಒಡೆದದ್ದಕ್ಕಲ್ಲ, ಆ ಒಂದು ಮಾತಿಗೆ ಹೋದಳು ಎಂದು ನಾನು ಇಂದಿಗೂ ಹೇಳುತ್ತೇನೆ. ಲಿಂಗಸುಗೂರಿನಿಂದ ಮಸ್ಕಿ ಹಾಯ್ದು ಸಿಂಧನೂರಿಗೆ ಒಂದೂವರೆ ತಾಸು. ಒಂಬತ್ತು ವರ್ಷ ಆಕೆಯೂ ಬರಲಿಲ್ಲ, ಇವನೂ ಹೋಗಲಿಲ್ಲ.

ಗಿಟಾರ್ ಮಾಡುವ ವಿದ್ಯೆಯೆಲ್ಲ ಮೊಬೈಲಿನ ವಿಡಿಯೋಗಳಲ್ಲಿತ್ತು, ವಿಡಿಯೋಗಳೆಲ್ಲ ಇಂಗ್ಲಿಷಿನಲ್ಲಿದ್ದವು. ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಮನೆತನದಲ್ಲಿ ಇದಕ್ಕೆ ಅರ್ಥವೇನೆಂದರೆ, ಔಷಧದ ಬಾಟಲಿ, ಬ್ಯಾಂಕಿನ ಕಾಗದ, ಟಿವಿಯ ರಿಮೋಟು, ಒಟ್ಟಿನಲ್ಲಿ ಇಂಗ್ಲಿಷ್ ಅಕ್ಷರ ಇರುವ ಸಮಸ್ತವೂ ನನ್ನ ಡಿಪಾರ್ಟ್‌ಮೆಂಟು! ದಿನಾ ಮಧ್ಯಾಹ್ನ ಮೊಬೈಲ್ ಹಿಡಿದು ಬರುತ್ತಿದ್ದ. ಬೇರೆಯವರ ಮನೆಯೊಳಗೆ ಹೋಗದವನು ನನ್ನ ಮನೆಗೆ ಬಡಿಯದೆ ನುಗ್ಗುತ್ತಿದ್ದ.

"ವೈನಿ, ಈ ದಾಡಿಯಾವ ಏನಂತಾನ್ರಿ?"

ದಾಡಿಯವನು ಹೇಳುತ್ತಿದ್ದುದು ಇಷ್ಟು: ತಂತಿಯ ಉದ್ದವನ್ನು ಹದಿನೇಳು ಪಾಯಿಂಟ್ ಎಂಟು ಒಂದು ಏಳರಿಂದ ಭಾಗಿಸು, ಬಂದಷ್ಟು ದೂರಕ್ಕೆ ಒಂದು ಫ್ರೆಟ್, ಅಂದರೆ ನಮ್ಮ ವೀಣೆಯ ಮೆಟ್ಟಿಲು. ಉಳಿದದ್ದನ್ನು ಮತ್ತೆ ಅದರಿಂದಲೇ ಭಾಗಿಸು, ಇನ್ನೊಂದು ಮೆಟ್ಟಿಲು. ಕೇಳುತ್ತ ಕೇಳುತ್ತ ಮೈದುನನ ಮುಖ ಅರಳಿತು.

"ಇದು ಅಣ್ಣತಮ್ಮರು ಪಾಲ ಮಾಡಿಕೊಂಡ ಹೊಲ ಇದ್ದಂಗ ಐತಿ ನೋಡ್ರಿ ವೈನಿ. ಹಂಚಿದಂಗ ಹಂಚಿದಂಗ ಸಣ್ಣದಾಗತೈತಿ, ಖರೆ ಮುಗಿಯಂಗಿಲ್ಲ."

"ಜಗಳಿಲ್ಲಲ್ಲೋ ಇದರಾಗ?"

"ಅದಕ್ಕ ಖುಷಿ ಆಗಾಕತ್ತೈತಿ!"

ಇನ್ನು ಒಡಲಿಗೆ ಮರ ಬೇಕು. ಅವನ ಕಣ್ಣು ನನ್ನ ಟೇಬಲ್ ಮೇಲಿತ್ತು. ಸಾಗವಾನಿ ಟೇಬಲ್ಲು, ನಾನು ಓದಿ ಬರೆದದ್ದು, ಮದುವೆಯಲ್ಲಿ ಅಪ್ಪ ಲಾರಿಯಲ್ಲಿ ಕಳಿಸಿದ್ದು. ಬಂದಾಗಲೆಲ್ಲ ಟಕ್, ಟಕ್, ಟಿಕ್.

"ಇದು ಮಾತಾಡತೈತ್ರಿ ವೈನಿ."

"ಓವರ್ ಮೈ ಡೆಡ್ ಬಾಡಿ," ಎಂದೆ.

"ಅಂದ್ರ?"

"ನಾ ಸತ್ತ ಮ್ಯಾಲ ಒಯ್ಯಿ."

"ಹಂಗಾದ್ರ ಕಾಯ್ತೀನಿ ಬಿಡ್ರಿ," ಎಂದು ನಕ್ಕ.

ಕಾಯುವಷ್ಟು ಪುರಸತ್ತು ಅವನಿಗೆಲ್ಲಿತ್ತು? ಊರ ಬಾಗಿಲೆಲ್ಲ ಬಡಿದಾದ ಮೇಲೆ ತನ್ನದೇ ಅಡುಗೆಮನೆಯ ಬಾಗಿಲು ಬಿಚ್ಚಿದ. ಓಣಿಯ ಬೆಕ್ಕುಗಳು ಒಂದು ವಾರ ಹಾಲಿನ ಹಬ್ಬ ಮಾಡಿದವು!

ಬರೀ ಗಿಟಾರ್ ಆದರೆ ಸಾಲದಂತೆ. ಗಿಟಾರಿನ ಕೊರಳಿಗೆ ಮೆಟ್ಟಿಲು ಕೂರಿಸುವ ಕರಿಯ ಬೀಟೆ ಮರದ ಪಟ್ಟಿಯ ಮೇಲೆ ಕಪ್ಪೆಚಿಪ್ಪಿನ ಚಿತ್ತಾರ ಬೇಕಂತೆ. ಮರದಲ್ಲಿ ಚಿತ್ರದಷ್ಟೇ ಕುಳಿ ತೋಡಿ, ಚಿಪ್ಪನ್ನು ಅದೇ ಅಳತೆಗೆ ಕೊಯ್ದು, ಕೂರಿಸಿ, ಸಮ ಆಗುವವರೆಗೆ ಉಜ್ಜುವುದು. ಇನ್ಲೇ ಎನ್ನುತ್ತಾರೆ. ಕಾಲುವೆಯ ನೀರು ನಿಲ್ಲಿಸುವುದನ್ನೇ ಕಾದಿದ್ದು, ಮಸ್ಕಿ ದಾಟಿ ಬಳಗಾನೂರಿಗೆ ಹೋದ. ಒಣಗಿದ ಕಾಲುವೆಗಿಳಿದು ಕೆಸರಿನಲ್ಲಿ ಚಿಪ್ಪು ಹೆಕ್ಕತೊಡಗಿದ. ಮೇಲಿನಿಂದ ಯಾರೋ ಗುರುತು ಹಿಡಿದರು.

"ಏನ್ರೀ ಸರ್ವೇ ಸಾಹೇಬ್ರ, ಕಾಲುವಿ ತಳಾನೂ ಅಳಿಯಾಕತ್ತೀರೇನು?"

ಮತ್ತೆ ಸರ್ವೇ ಬಂತೆಂದು ಸುದ್ದಿ ಹಬ್ಬಿ, ಸಂಜೆಯೊಳಗೆ ಇಬ್ಬರು ಅಣ್ಣತಮ್ಮಂದಿರು ಬದುವಿನ ಕಲ್ಲು ಕಿತ್ತು ಹೊಡೆದಾಟಕ್ಕೆ ನಿಂತಿದ್ದರಂತೆ! ಅಲ್ಲಿಂದ ಸಿಂಧನೂರು ಎಷ್ಟು ದೂರ? ಇನ್ನೊಂದು ಬಸ್ಸು ಹತ್ತಿದ್ದರೆ ಮಗಳ ಊರು. ಅವನು ಚಿಪ್ಪಿನ ಚೀಲ ಹೊತ್ತು ವಾಪಸು ಬಂದ.

ಚಿತ್ತಾರ ಎಂದರೆ ಹೂವು, ಬಳ್ಳಿ, ಹಕ್ಕಿ ಇರುತ್ತದೆ ಎಂದುಕೊಂಡಿದ್ದೆ. ಇವನು ಬಂಗಾರದ ಕೆಲಸದ ಪತ್ತಾರನಿಂದ ಎರವಲು ತಂದ ಕೂದಲೆಳೆಯ ಗರಗಸದಲ್ಲಿ ಅಕ್ಷರ ಕೊಯ್ದ. ಪಟ್ಟಿಯ ಎಡತುದಿಗೆ 'ಲಿಂ', ಐದನೆಯ ಮೆಟ್ಟಿಲಿಗೆ 'ಮ', ಹನ್ನೆರಡನೆಯದಕ್ಕೆ 'ಸಿಂ'. ನಡುವೆ ಬಿಳಿ ಗೆರೆಯ ರಸ್ತೆ.

"ಇದೇನೋ ಬಸ್ಸಿನ ಬೋರ್ಡು!"

"ಸ್ಕೇಲಿಗೆ ಸರಿ ಐತ್ರಿ. ಐದನೇದು ಹನ್ನೆರಡರ ಅರ್ಧ ದಾರಿ. ಮಸ್ಕಿನೂ ಅರ್ಧ ದಾರಿ."

ಹನ್ನೆರಡನೆಯ ಮೆಟ್ಟಿಲಲ್ಲಿ ಮಾತ್ರ ಎರಡು ಚುಕ್ಕಿ ಇಡುವುದು ರೂಲು ಎಂದು ದಾಡಿಯವನು ಹೇಳಿದ್ದ. ಇವನು 'ಸಿಂ' ಅಕ್ಷರದ ಮೇಲೆ ಒಂದೇ ಇಟ್ಟಿದ್ದ.

"ಜೋಡಿ ಇರಬೇಕಲ್ಲೋ," ಎಂದೆ.

"ಒಂದ ಸಾಕು," ಎಂದ. ಮುಖ ಮೇಲೆತ್ತಲಿಲ್ಲ. ಸಿಂಧನೂರಿನಲ್ಲಿ ಅವನ ಲೆಕ್ಕಕ್ಕೆ ಒಬ್ಬಳೇ ಇದ್ದಳು, ಅಳಿಯ ಇರಲಿಲ್ಲ. ನಾನು ನೆಲದ ಮೇಲಿನ ಚಿಪ್ಪಿನ ಪುಡಿ ಗುಡಿಸತೊಡಗಿದೆ. ಅಷ್ಟು ಮ್ಯಾನರ್ಸ್ ಕಾನ್ವೆಂಟಿನಲ್ಲಿ ಕಲಿಸಿದ್ದರು.

ಇಷ್ಟೆಲ್ಲದರ ನಡುವೆ ವಾರಕ್ಕೆರಡು ದಿನ ಆಸ್ಪತ್ರೆಯ ಡಯಾಲಿಸಿಸ್ ಮಷೀನು. ಸೂಜಿ ಚುಚ್ಚಲು ಎಡ ಮಣಿಕಟ್ಟಿನಲ್ಲಿ ರಕ್ತನಾಳಗಳನ್ನು ಜೋಡಿಸಿದ್ದರು. ಆ ಜಾಗ ಹಗಲಿರುಳು ಜುಂ ಎನ್ನುತ್ತಿತ್ತು. "ಕಿವಿ ಇಡ್ರಿ ವೈನಿ, ಕರೆಂಟ್ ಬಂದೈತಿ! ಗಿಟಾರ್‌ಕಿಂತ ಮೊದಲ ನಾನ ಎಲೆಕ್ಟ್ರಿಕ್ ಆದೆ!" ಎಂದು ಕೈ ಚಾಚುತ್ತಿದ್ದ. ಕಿವಿ ಇಟ್ಟು ಕೇಳಿದ್ದೇನೆ. ಆ ಕೈಯಲ್ಲಿ ಭಾರ ಎತ್ತಕೂಡದು ಎಂದು ಡಾಕ್ಟರ ಕಟ್ಟಪ್ಪಣೆ. ಹೀಗಾಗಿ ಕೊರೆದದ್ದು, ಉಜ್ಜಿದ್ದು ಎಲ್ಲ ಬಲಗೈಯಲ್ಲಿ. ತಿಂಗಳಿಂದ ತಿಂಗಳಿಗೆ ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಗಿಟಾರ್ ಮೊದಲು ಮುಗಿಯುತ್ತದೋ ಇವನು ಮೊದಲು ಮುಗಿಯುತ್ತಾನೋ ಎಂದು ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಅವನೂ ಹಾಕುತ್ತಿದ್ದ.

ಗಿಟಾರೇ ಮೊದಲು ಮುಗಿಯಿತು. ತಂದು, ನನ್ನೆದುರು ಸ್ಟೂಲಿನ ಮೇಲೆ ಕೂತು, ವಿಡಿಯೋದವರ ಹಾಗೆ ತೊಡೆಯ ಮೇಲಿಟ್ಟುಕೊಂಡ. ನಾನು ಕನ್ನಡಕ ಹಾಕಿಕೊಂಡು ನೋಡಿದರೆ ಅಕ್ಷರಗಳೆಲ್ಲ ತಲೆಕೆಳಗು!

"ಏನೋ, ನಿನ್ನ ಬಸ್ಸು ಪಲ್ಟಿ ಹೊಡದೈತಲ್ಲೋ!"

ಬಗ್ಗಿ ನೋಡಿಕೊಂಡ. ಒಂದು ಬದುವೂ ಗೇಣು ತಪ್ಪದ ಹಾಗೆ ಅಳೆದವನಿಗೆ ಇದು ಹೇಗಾಯಿತು? ಅವನು ತಡಕಾಡುತ್ತಿರುವಾಗ ನನಗೆ ನಮ್ಮ ಪಡಸಾಲೆಯಲ್ಲಿ ಕೂತು ನುಡಿಸುತ್ತಿದ್ದ ಹುಡುಗಿ ಕಣ್ಣಿಗೆ ಕಟ್ಟಿದಳು. ಇಷ್ಟು ದಿನ ಯಾಕೆ ನೆನಪಾಗಲಿಲ್ಲ?

"ಆಕಿ ಹಿಂಗ ಹಿಡಿತಿದ್ದಿಲ್ಲೋ."

"ಮತ್ತ ಹೆಂಗ?"

"ತಿರುವಿ ಹಿಡಿತಿದ್ದಳು. ಎಡಗೈಲೆ ಬಾರಿಸ್ತಿದ್ದಳು."

"ಎಡಗೈ ನಾ ಬಿಡಿಸಿದ್ದೆನಲ್ರೀ!"

"ಉಣ್ಣೋದರಾಗ ಬಿಡಿಸಿದ್ದಿ. ಬಾರಿಸೋದು ನೀ ಒಂದಿನಾನೂ ನೋಡಿಲ್ಲ."

ಬಿಡಿಸಿದ್ದು ಹೇಗೆಂದು ಹೇಳಿಬಿಡುತ್ತೇನೆ. ಊಟಕ್ಕೆ ಕೂತಾಗ ಮಗುವಿನ ಎಡಗೈಯನ್ನು ಕರವಸ್ತ್ರದಿಂದ ಫ್ರಾಕಿನ ಹಿಂದಿನ ಪಟ್ಟಿಗೆ ಕಟ್ಟುತ್ತಿದ್ದ. ನಾನೇನು ಕಡಿಮೆಯೇ? ಬರೆಯಲು ಎಡಗೈ ಚಾಚಿದರೆ ಫುಟ್‌ಪಟ್ಟಿಯಿಂದ ಗೆಣ್ಣಿನ ಮೇಲೆ ಎರಡು. ಕಾನ್ವೆಂಟಿನ ಸಿಸ್ಟರ್ ನಮಗೆ ಕೊಟ್ಟದ್ದನ್ನು ನಾನು ಆಕೆಗೆ ಕೊಟ್ಟೆ. ಅದನ್ನೇ ಡಿಸಿಪ್ಲಿನ್ ಎಂದುಕೊಂಡಿದ್ದೆ.

ಮೈದುನ ಗಿಟಾರನ್ನು ಮೆಲ್ಲಗೆ ತಿರುವಿ ಹಿಡಿದ. ಲಿಂ, ಮ, ಸಿಂ ಮೂರೂ ನೆಟ್ಟಗೆ ನಿಂತವು. ಆದರೆ ಒಡಲು ಮಾತ್ರ ಅಂಗಿ ಹಿಂದುಮುಂದಾಗಿ ಹಾಕಿಕೊಂಡಂತೆ. ಕೈ ತೂರಿಸುವ ಕೊರೆತ, ತಿರುಪುವ ಗುಂಡಿಗಳು, ಎಲ್ಲ ಮೇಲೆ ಹೋಗಿದ್ದವು. ಅವನು ಜುಂ ಎನ್ನುವ ತನ್ನ ಮಣಿಕಟ್ಟನ್ನೇ ನೋಡುತ್ತ ಕೂತ.

"ಈಗ ನನ್ನ ಎಡಗೈ ಕಟ್ಯಾರ ನೋಡ್ರಿ ವೈನಿ," ಎಂದ.

ಎದ್ದು ಹೋಗಿ ನನ್ನ ಟೇಬಲ್ ಖಾಲಿ ಮಾಡಿದೆ. ಪುಸ್ತಕ, ಮಾತ್ರೆಯ ಡಬ್ಬಿ, ನಮ್ಮೆಜಮಾನರ ಫೋಟೋ ಎಲ್ಲ ಕೆಳಗಿಟ್ಟು ಹಲಗೆ ಬಡಿದೆ. ಟಕ್, ಟಕ್, ಟಿಕ್. "ಒಯ್ಯಿ."

"ನೀವಿನ್ನೂ ಸತ್ತಿಲ್ಲಲ್ರಿ?"

"ಅರ್ಧ ಸತ್ತೀನಿ. ಅರ್ಧ ಒಯ್ಯಿ!"

ಸರ್ವೆಯರ್ ಅಲ್ಲವೇ, ಸರಿಯಾಗಿ ಅರ್ಧ ಕೊಯ್ದ! ಉಳಿದರ್ಧ ಎರಡು ಕಾಲಿನ ಮೇಲೆ ಗೋಡೆಗೆ ಒರಗಿ ನಿಂತಿದೆ. ಇದನ್ನು ಬರೆಯುತ್ತಿರುವುದು ಅದರ ಮೇಲೆಯೇ.

ಎರಡನೆಯ ಒಡಲಿಗೆ ಎರಡು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ಕೌದಿಯಲ್ಲಿ ಸುತ್ತುವ ಮುಂಚೆ ತೋರಿಸಲು ತಂದ. ಹನ್ನೆರಡನೆಯ ಮೆಟ್ಟಿಲಲ್ಲಿ 'ಸಿಂ' ಮೇಲೊಂದು, ಕೆಳಗೊಂದು, ಎರಡು ಚುಕ್ಕಿ ಹೊಳೆಯುತ್ತಿದ್ದವು.

"ಒಂದ ಸಾಕು ಅಂದಿದ್ದಿ?"

"ರೂಲ್ ಅಂದ್ರ ರೂಲ್ರೀ ವೈನಿ."

ಅಂದು ಮಷೀನಿನ ದಿನ. ನಾಳೆ ಹೋಗು ಎಂದೆ. "ನಾಳಿ ಅಂದ್ರ ಧೈರ್ಯ ಇರಂಗಿಲ್ರಿ," ಎಂದ. ನಾನು ಒತ್ತಾಯಿಸಲಿಲ್ಲ. ಅಂಟು ಒಣಗಿಲ್ಲ ಎಂದು ಹಿಂದಿನ ಸಲವೂ ಮಷೀನು ತಪ್ಪಿಸಿದ್ದನೆಂದು ನನಗೆ ಗೊತ್ತಾದದ್ದು ಆಮೇಲೆ.

ಆಮೇಲಿನದನ್ನು ಮೊದಲು ಹೇಳಿ ಮುಗಿಸುತ್ತೇನೆ. ಹುಡುಗಿಯೇ ನನಗೆ ಹೇಳಿದ್ದು. ಸಿಂಧನೂರಿನಲ್ಲಿ ಆಕೆ ಒಲೆಯ ಮುಂದೆ ಇದ್ದಳಂತೆ. ಟಕ್, ಟಕ್, ಟಿಕ್. ಯಾರೆಂದು ಗೊತ್ತಾಗದೆ ಇರುತ್ತದೆಯೇ? "ಇನ್ನೊಮ್ಮೆ ಬಡಿತಾನ ಅಂತ ನಿಂತೆ ದೊಡ್ಡವ್ವ. ಹಂಚಿನ ಮ್ಯಾಲ ರೊಟ್ಟಿ ಕರಕಾತು. ಬಡೀಲೇ ಇಲ್ಲ." ತೆಗೆದು ನೋಡಿದರೆ ಕಟ್ಟೆಯ ಮೇಲೆ ಕೌದಿಯ ಗಂಟು. ಓಣಿಯ ಕೊನೆಯವರೆಗೆ ಓಡಿದಳು, ಯಾರೂ ಇಲ್ಲ. ತಿರುಗಿ ಬಂದು ಬಿಚ್ಚಿದಳು, ಎಡಗೈಗೆ ಹಿಡಿದಳು, ಎರಡು ಚುಕ್ಕಿ ನೋಡಿದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅಪ್ಪನಿಗೆ ಫೋನ್ ಮಾಡಿದಳು. ಎತ್ತಿದವನು ಕಂಡಕ್ಟರು. ಬಸ್ಸು ಮಸ್ಕಿಯಲ್ಲಿ ನಿಂತಿತ್ತು. ಅಜ್ಜಾರು ಎಬ್ಬಿಸಿದರೂ ಏಳವಲ್ಲರು, ನೀವು ಯಾರು ಅವರಿಗೆ ಎಂದು ಅವನೇ ಕೇಳಿದ.

ಅವನನ್ನು ಮಣ್ಣು ಮಾಡುವ ದಿನ ಗಂಡ ಹೆಂಡತಿ ಇಬ್ಬರೂ ಬಂದರು. ಅಂದು ನೋಡಿದ್ದನ್ನು ನಾನು ಅವನನ್ನು ನೋಡಿದ್ದೆಂದು ಎಣಿಸುವುದಿಲ್ಲ. ನಾನು ಅವನನ್ನು ಕೊನೆಯ ಸಲ ನೋಡಿದ್ದು ಅದರ ಹಿಂದಿನ ದಿನ ಬೆಳಿಗ್ಗೆ, ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ. ಕಿಟಕಿಯ ಸೀಟು, ಮಡಿಲಲ್ಲಿ ಕೌದಿಯ ಗಂಟು, ಇಸ್ತ್ರಿಯ ಬಿಳಿ ಅಂಗಿ.

"ಬಾಗಿಲಾ ತೆಗಿತಾಳಂತೀರೇನ್ರಿ ವೈನಿ?"

"ಒಳಗ ಬರಾವ್ರು ಬಡಿದಂಗ ಬಡಿ. ನಿನ್ನಂಗ ಬಡದು ಕಿವಿ ಕೊಟ್ಟು ನಿಂತರ ಯಾರ ತೆಗಿತಾರ?"

"ಅದು ಹೆಂಗ ಬಡಿತಾರ್ರಿ?"

ತಮಾಷೆಗೆ ಕೇಳಲಿಲ್ಲ, ಖರೆ ಕೇಳಿದ. ನಾನು ಅಂಗೈಯಿಂದ ಬಸ್ಸಿನ ತಗಡನ್ನು ದಬದಬ ಬಡಿದು ತೋರಿಸಿದೆ. "ಹಿಂಗ. ತೆಗಿಯೋತನಕ."

"ಯವ್ವಾ, ಗಾಡಿ ಒಡಿತ್ಯೇನ?" ಎಂದ ಕಂಡಕ್ಟರು, ಸೀಟಿ ಊದಿದ.

ಬಸ್ಸು ಹೊರಟಿತು. ಮೈದುನ ಕಿಟಕಿಯಿಂದ ಕೈ ಹೊರಗೆ ಹಾಕಿ, ನನ್ನ ಕಡೆ ನೋಡಿ ನಗುತ್ತ, ಹೇಳಿಕೊಟ್ಟ ಹಾಗೆಯೇ ತಗಡು ಬಡಿದ: ದಬ್, ದಬ್, ದಬ್. ಗೇಟಿನವರೆಗೆ ಬಡಿಯುತ್ತಲೇ ಹೋದ. ಮಸ್ಕಿ ರಸ್ತೆಗೆ ತಿರುಗುವಾಗ ಕೈ ನಿಧಾನವಾಯಿತು. ಎರಡು ಸಲ ಗೆಣ್ಣು, ಒಂದು ಸಲ ಉಗುರು. ಆಮೇಲೆ ತಲೆ ವಾಲಿಸಿ ತಗಡಿಗೆ ಕಿವಿ ಕೊಟ್ಟ.